ದವಾಖಾನೆಯ ದಾರಿ: ಗಡಿನಾಡಿನ ರೋಗಿಯ ಚರಿತ್ರೆಗೊಂದು ಪೀಠಿಕೆ

ನಮ್ಮ ಸೀಮೆಯ ಚರಿತ್ರೆಯನ್ನು ಬರೆಯಲು ಹೊರಟವರಿಗೆ ವಸ್ತುವಿನ ಕೊರತೆಯಿಲ್ಲ. ಗದ್ವಾಲದ ಕೋಟೆಯಿದೆ, ಸಂಸ್ಥಾನವಿದೆ, ನಾರಾಯಣಪೇಟೆಯ ಸೀರೆಯಿದೆ, ಮುಡುಮಾಲದ ನಿಲುವುಗಲ್ಲುಗಳಿವೆ, ಮಕ್ತಲದಲ್ಲಿ ಪಡಮಟಿ ಆಂಜನೇಯನಿದ್ದಾನೆ. ಇವುಗಳ ಬಗ್ಗೆ ಬಲ್ಲವರು ಬರೆದಿದ್ದಾರೆ, ಇನ್ನೂ ಬರೆಯುವವರಿದ್ದಾರೆ. ಆದರೆ ಇದೇ ನೆಲದಲ್ಲಿ ಜ್ವರ ಬಂದ ಮನುಷ್ಯನು ಯಾವ ಊರಿನ ದಾರಿ ಹಿಡಿದನು, ಅಲ್ಲಿ ಯಾವ ನುಡಿಯಲ್ಲಿ ತನ್ನ ನೋವನ್ನು ಹೇಳಿಕೊಂಡನು, ಅವರು ಹೇಳಿದ್ದರಲ್ಲಿ ಎಷ್ಟನ್ನು ಅರಿತು ಮನೆಗೆ ಮರಳಿದನು ಎಂಬ ಚರಿತ್ರೆಗೆ ಶಾಸನವೂ ಇಲ್ಲ, ಬಖೈರೂ ಇಲ್ಲ. ಅರಸರು ಕೆರೆ ಕಟ್ಟಿಸಿದರೆ ಕಲ್ಲು ನಿಲ್ಲಿಸಿದರು. ರೋಗಿಯು ಗುಣವಾದರೆ ಹೆಚ್ಚೆಂದರೆ ದೇವರಿಗೆ ಒಂದು ತೆಂಗಿನಕಾಯಿ ಒಡೆದನು. ಆ ಚರಿತ್ರೆಯ ಎಳೆಗಳನ್ನು ಕೈಗೆ ಸಿಕ್ಕಷ್ಟು ಕೂಡಿಸುವುದು ಈ ಬರಹದ ಉದ್ದೇಶ. ನಾವು ವೈದ್ಯರಲ್ಲ. ದವಾಖಾನೆಯ ಹೊರಗಿನ ಕಟ್ಟೆಯ ಮೇಲೆ ಕುಳಿತು, ಒಳಗೆ ಹೋದವರಿಗಾಗಿ ಕಾದ ಅನುಭವವಷ್ಟೇ ನಮ್ಮ ಅರ್ಹತೆ.

'ದವಾಖಾನೆ' ಎಂಬ ಮಾತಿನಿಂದಲೇ ಆರಂಭಿಸಬಹುದು. ಮೈಸೂರು ಸೀಮೆಯವರು ಆಸ್ಪತ್ರೆಗೆ ಹೋಗುತ್ತಾರೆ; ನಾವು ದವಾಖಾನೆಗೆ ಹೋಗುತ್ತೇವೆ. ನಿಜಾಮರ ಆಳ್ವಿಕೆ ನಮ್ಮ ನಾಲಗೆಯ ಮೇಲೆ ಬಿಟ್ಟುಹೋದ ಮಾತುಗಳಲ್ಲಿ ಇದೂ ಒಂದು. ದವಾ, ದವಾಖಾನೆ, ಹಕೀಮ, ದಮ್ಮು ಇವೆಲ್ಲ ಕಚೇರಿಯ ಉರ್ದುವಿನಿಂದ ನಮ್ಮ ಕನ್ನಡಕ್ಕೂ ನೆರೆಮನೆಯ ತೆಲುಗಿಗೂ ಏಕಕಾಲಕ್ಕೆ ಇಳಿದು ಬಂದವು. ಹಾಗೆಂದು ಅದಕ್ಕೆ ಮುನ್ನ ಕನ್ನಡಕ್ಕೆ ವೈದ್ಯದ ಪರಿಚಯವಿರಲಿಲ್ಲವೆಂದು ತಿಳಿಯಬಾರದು. ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯದ ಮೇಲೆ 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ದೀನರಿಗೆ ಅನ್ನವಷ್ಟೇ ಅಲ್ಲದೆ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತೆಂದು ತಿಳಿಸುತ್ತದೆ. ಶಾಸ್ತ್ರವು ಜನರ ನುಡಿಯಲ್ಲಿರಬೇಕೆಂಬ ಅರಿವು ನಮ್ಮ ಪೂರ್ವಿಕರಿಗಿತ್ತು. ಅದು ತಪ್ಪಿಹೋದದ್ದು ಅನಂತರ.

ಹೈದರಾಬಾದಿನಲ್ಲಿ 1846ರಲ್ಲಿ ವೈದ್ಯಕೀಯ ಶಾಲೆಯೊಂದು ಆರಂಭವಾಯಿತು. ಪಾಶ್ಚಾತ್ಯ ವೈದ್ಯವನ್ನು ಅಲ್ಲಿ ಮೊದಲಿಗೆ ಬೋಧಿಸಿದ್ದು ಇಂಗ್ಲಿಷಿನಲ್ಲಿ ಅಲ್ಲ, ಉರ್ದುವಿನಲ್ಲಿ. ದೇಶಭಾಷೆಯಲ್ಲಿ ಹೊಸ ವೈದ್ಯವನ್ನು ಕಲಿಸಬಹುದೆಂಬುದಕ್ಕೆ ಅದು ಆ ಕಾಲಕ್ಕೆ ದೊಡ್ಡ ನಿದರ್ಶನವೇ ಸರಿ. ಆದರೆ ಆ 'ದೇಶಭಾಷೆ' ಯಾರದು? ರಾಜಧಾನಿಯಲ್ಲಿ ಅದು ಅನೇಕರ ಭಾಷೆ. ಕೃಷ್ಣೆಯ ದಂಡೆಯ ಹಳ್ಳಿಯಲ್ಲಿ ಪಟವಾರಿಯದು, ಪೊಲೀಸನದು. ಮುಂದೆ ಅದೇ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ಕ್ಲೋರೋಫಾರ್ಮಿನ ಬಗೆಗೆ ಎರಡು ಆಯೋಗಗಳು ಪ್ರಯೋಗ ನಡೆಸಿದವು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಬೀಜವನ್ನು ಕಂಡನು. ಜಗತ್ತು ಇಂದಿಗೂ ಆ ದಿನವನ್ನು ಸೊಳ್ಳೆದಿನವೆಂದು ನೆನೆಯುತ್ತದೆ. ಆ ಕಾಲದಲ್ಲಿ ನಮ್ಮ ಊರುಗಳಲ್ಲಿ ಚಳಿಜ್ವರ ಬಂದವನ ಮೇಲೆ ನಾಲ್ಕು ಕೌದಿ ಹೊದಿಸಿ, ಹಣೆಗೆ ಅಂಗಾರ ಹಚ್ಚುತ್ತಿದ್ದರು. ಮುಸಿ ನದಿಯ 1908ರ ಪ್ರವಾಹದಲ್ಲಿ ಹಳೆಯ ಅಫ್ಜಲ್‌ಗಂಜ್ ಆಸ್ಪತ್ರೆ ಕೊಚ್ಚಿಹೋದ ಮೇಲೆ, 1925ರ ಹೊತ್ತಿಗೆ ಅಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಭವ್ಯ ಕಟ್ಟಡ ಎದ್ದು ನಿಂತಿತು. 'ಉಸ್ಮಾನಿಯಾಕ್ಕೆ ಒಯ್ದರು' ಎಂಬುದು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲ ಭರವಸೆಯ ಮಾತಾಗಿರಲಿಲ್ಲ. ಇನ್ನು ದೇವರೇ ಗತಿ ಎಂಬುದರ ಸಭ್ಯ ರೂಪವಾಗಿತ್ತು.

ನಿತ್ಯದ ಬದುಕಿನಲ್ಲಿ ನಮ್ಮವರನ್ನು ಕಾಯುತ್ತಿದ್ದವರು ಬೇರೆ. ಸೂಲಗಿತ್ತಿ, ಎಲುಬು ಕೂಡಿಸುವವನು, ಚೇಳಿನ ಮಂತ್ರ ಬಲ್ಲವನು, ಸಂತೆಯ ಊರಿನ ಹಕೀಮ. ಅವರ ವಿದ್ಯೆಯ ಮಿತಿಯನ್ನು ನಾವು ಮುಚ್ಚಿಡಬೇಕಾಗಿಲ್ಲ. ಹೆರಿಗೆಯಲ್ಲಿ ತೀರಿಹೋದ ತಾಯಂದಿರ ಹೆಸರುಗಳು ಪ್ರತಿಯೊಂದು ಮನೆತನದ ನೆನಪಿನಲ್ಲಿಯೂ ಒಂದೆರಡಾದರೂ ಇವೆ. ಆದರೆ ಅವರಿಗೆ ರೋಗಿಯ ಮಾತು ತಿಳಿಯುತ್ತಿತ್ತು. 'ಬ್ಯಾನಿ' ಎಂದರೆ ಯಾವ ಬೇನೆ, 'ಕಡಿತ' ಎಂದರೆ ಹೊಟ್ಟೆಯದೋ ತೊಗಲಿನದೋ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಲ್ಲಿ ರೈಲಿನ ವಿಚಾರ ಬರುತ್ತದೆ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಆ ಹಳಿ ನಮ್ಮ ಕೃಷ್ಣಾ ನಿಲ್ದಾಣವನ್ನು ಹಾದು, ಸೇತುವೆಯ ಮೇಲೆ ಹೊಳೆ ದಾಟಿ ರಾಯಚೂರನ್ನು ಮುಟ್ಟುತ್ತದೆ. ಅಂದಿನಿಂದ ಈ ಭಾಗದ ಮಕ್ತಲ, ಮಾಗನೂರು, ಕೃಷ್ಣಾ ಸುತ್ತಿನ ಜನರಿಗೆ ರಾಯಚೂರು ಪೇಟೆಯೂ ಹೌದು, ಬೀಗರೂರೂ ಹೌದು, ದವಾಖಾನೆಯ ಊರೂ ಹೌದು. ಇನ್ನೊಂದು ಸಂಗತಿಯನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಇಂದು ಕರ್ನಾಟಕದ ಯಾದಗಿರಿ ಜಿಲ್ಲೆಯಲ್ಲಿರುವ ಸೈದಾಪುರದ ರೈಲು ನಿಲ್ದಾಣಕ್ಕೆ ಬಹುಕಾಲ 'ನಾರಾಯಣಪೇಟ ರೋಡ್' ಎಂಬ ಹೆಸರಿತ್ತು. ಊರು ಒಂದು ರಾಜ್ಯದಲ್ಲಿ, ಊರಿನ ಹೆಸರು ಹೊತ್ತ ನಿಲ್ದಾಣ ಇನ್ನೊಂದು ರಾಜ್ಯದಲ್ಲಿ.

ಹಾಗಾದದ್ದು 1956ರ ನವೆಂಬರ್ 1ರಂದು. ಹೈದರಾಬಾದ್ ರಾಜ್ಯವನ್ನು ಭಾಷಾವಾರಾಗಿ ಹಂಚಿದಾಗ ರಾಯಚೂರು, ಗುಲ್ಬರ್ಗ, ಬೀದರಗಳು ಮೈಸೂರು ರಾಜ್ಯಕ್ಕೆ ಹೋದವು. ಮಹಬೂಬನಗರ ಜಿಲ್ಲೆ ಆಂಧ್ರಪ್ರದೇಶಕ್ಕೆ ಸೇರಿತು. ಅದುವರೆಗೆ ರಾಯಚೂರು ಜಿಲ್ಲೆಯ ತಾಲೂಕುಗಳಾಗಿದ್ದ ಗದ್ವಾಲ, ಆಲಂಪುರಗಳನ್ನೂ ಗುಲ್ಬರ್ಗ ಜಿಲ್ಲೆಯ ಕೊಡಂಗಲ್ಲನ್ನೂ ಕತ್ತರಿಸಿ ಮಹಬೂಬನಗರಕ್ಕೆ ಜೋಡಿಸಿದರು. ಏಕೀಕರಣದ ಉತ್ಸವವನ್ನು ನಾವು ಪ್ರತಿವರ್ಷ ಆಚರಿಸುತ್ತೇವೆ, ಆಚರಿಸಬೇಕಾದದ್ದೇ. ಆದರೆ ರೋಗಿಯ ಕಣ್ಣಿನಿಂದ ಆ ದಿನವನ್ನು ಯಾರೂ ನೋಡಿದಂತಿಲ್ಲ. ಅಕ್ಟೋಬರ್ 31ರ ವರೆಗೆ ಗದ್ವಾಲದ ರೈತನಿಗೆ ಜಿಲ್ಲಾ ಕೇಂದ್ರ ಎಂದರೆ ರಾಯಚೂರು. ಮರುದಿನ ಬೆಳಗಾಗುವಾಗ ಅದು ಹೊಳೆಯ ಆಚೆಯ ಮಹಬೂಬನಗರ. ಕಾಗದವು ಹೊಸ ಊರಿಗೆ ಹೋಯಿತು. ಕಾಲು ಹಳೆಯ ದಾರಿಯನ್ನು ಬಿಡಲಿಲ್ಲ. ರಾಯಚೂರಿನಲ್ಲಿ ಬೀಗರ ಮನೆಯಲ್ಲಿ ಉಳಿಯಬಹುದು, ಬುತ್ತಿ ತಂದುಕೊಡುವವರಿದ್ದಾರೆ, ಡಾಕ್ಟರಿಗೆ ನಮ್ಮ ಮಾತು ತಿಳಿಯುತ್ತದೆ. ಅಂದು ಹಾಗೆ ಬೇರೆಯಾದ ಕಾಗದ ಮತ್ತು ಕಾಲುಗಳು ಇಂದಿಗೂ ಪೂರ್ಣವಾಗಿ ಒಂದಾಗಿಲ್ಲವೆಂಬುದೇ ನಮ್ಮ ಈ ಬರಹದ ಮುಖ್ಯ ಮಾತು.

ಮುಂದಿನ ದಶಕಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು, ದೇವಿ ಹಾಕುವವರು ಬಂದರು, ಸಿಡುಬು ಹೋಯಿತು. ಅದನ್ನೆಲ್ಲ ದೇಶದ ಚರಿತ್ರೆಯಲ್ಲಿಯೇ ಓದಬಹುದು. ನಮ್ಮ ಸೀಮೆಗೆ ವಿಶೇಷವಾದ ಒಂದು ಗೆಲುವಿನ ಕಥೆಯನ್ನು ಮಾತ್ರ ತುಸು ವಿವರವಾಗಿ ಹೇಳಬೇಕು. ಅದು ನಾರುಹುಣ್ಣಿನದು.

ಐವತ್ತು ದಾಟಿದ ಓದುಗರಿಗೆ ಇದನ್ನು ನೆನಪಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಕಾಲಿನ ಮೇಲೆ ಬೊಬ್ಬೆಯೇಳುವುದು, ಬೆಂಕಿಯಿಟ್ಟಂತೆ ಉರಿಯುವುದು, ಬೊಬ್ಬೆಯೊಡೆದು ಬಿಳಿಯ ದಾರದಂತಹ ಹುಳು ತಲೆ ಹಾಕುವುದು. ಅದನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು; ಅವಸರಪಟ್ಟು ಹರಿದರೆ ಕಾಲು ಬಾತು ಕೀವಾಗುವುದು. ಎರಡು ಮೂರು ಅಡಿಯ ಹುಳು ಹೊರಬರಲು ವಾರಗಳೇ ಹಿಡಿಯುತ್ತಿದ್ದವು. ಬಿತ್ತನೆಯ ಸಮಯದಲ್ಲಿ ಮನೆಯ ದುಡಿಯುವ ಆಳು ಮಂಚ ಹಿಡಿದರೆ ಆ ವರ್ಷದ ಬೆಳೆ ಹೋದಂತೆಯೇ. ಇದಕ್ಕೆ ಅಂದಿಗೂ ಗುಳಿಗೆಯಿರಲಿಲ್ಲ, ಲಸಿಕೆಯಿರಲಿಲ್ಲ, ಇಂದಿಗೂ ಇಲ್ಲ. ಮೂಲವಿದ್ದದ್ದು ಮೆಟ್ಟಿಲ ಬಾವಿಯಲ್ಲಿ. ಹುಣ್ಣಿದ್ದವನು ಉರಿ ತಾಳದೆ ನೀರಿಗಿಳಿದರೆ ಹುಳುವು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ; ನೀರಿನ ಸಣ್ಣ ಕ್ರಿಮಿಗಳು ಅವನ್ನು ನುಂಗುತ್ತವೆ; ಆ ನೀರನ್ನು ಕುಡಿದವನಿಗೆ ಮುಂದಿನ ಬೇಸಿಗೆಗೆ ಹುಣ್ಣು. ರೋಗಿಯು ತನ್ನ ನೋವನ್ನು ತಣಿಸಿಕೊಳ್ಳಲು ಮಾಡಿದ ಕೆಲಸವೇ ಊರಿಗೆಲ್ಲ ರೋಗವನ್ನು ಹಂಚುತ್ತಿತ್ತು.

ಭಾರತವು 1983-84ರಲ್ಲಿ ಇದರ ನಿರ್ಮೂಲನಕ್ಕೆ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ರೋಗವಿದ್ದ ರಾಜ್ಯಗಳಲ್ಲಿ ಆಂಧ್ರವೂ ಇತ್ತು, ಕರ್ನಾಟಕವೂ ಇತ್ತು. ಮಾಡಿದ್ದೇನು? ಮೆಟ್ಟಿಲ ಬಾವಿಗಳನ್ನು ಮುಚ್ಚಿ, ಕಟ್ಟೆ ಕಟ್ಟಿ, ಹಗ್ಗ ಬಿಟ್ಟು ಸೇದುವಂತೆ ಮಾಡಿದರು, ಕೊಳವೆಬಾವಿ ಕೊರೆದರು, ನೀರಿಗೆ ಕ್ರಿಮಿ ಸಾಯುವ ಔಷಧ ಬೆರೆಸಿದರು, ಮನೆಮನೆಗೆ ಸೋಸುವ ಬಟ್ಟೆ ಕೊಟ್ಟು, ಹುಣ್ಣಿದ್ದವನು ನೀರಿಗಿಳಿಯಬಾರದೆಂದು ಹೇಳಿದರು. ದೇಶದ ಕೊನೆಯ ಪ್ರಕರಣ 1996ರಲ್ಲಿ ವರದಿಯಾಯಿತು; 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ದೊಡ್ಡ ಕಟ್ಟಡ, ದೊಡ್ಡ ಯಂತ್ರ ಯಾವುದೂ ಇಲ್ಲದೆ ಸಿಕ್ಕ ಗೆಲುವು ಇದು. ಮನೆಯ ಹೆಂಗಸು ಕೊಡದ ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿದಳು. ಏಕೆ ಕಟ್ಟಬೇಕೆಂಬುದನ್ನು ಯಾರೋ ಅವಳ ಬಾಗಿಲಿಗೆ ಬಂದು, ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿದ್ದರು. ಗಡಿಯ ಎರಡೂ ಬದಿಯ ಬಾವಿಗಳಲ್ಲಿ ಒಟ್ಟಿಗೆ ಈ ಕೆಲಸ ನಡೆದದ್ದರಿಂದಲೇ ಹುಳುವಿಗೆ ತಪ್ಪಿಸಿಕೊಳ್ಳಲು ದಾರಿಯುಳಿಯಲಿಲ್ಲ. ಹುಳುವಿನ ವಿಷಯದಲ್ಲಿ ಎರಡು ರಾಜ್ಯಗಳು ತೋರಿಸಿದ ಒಮ್ಮತವನ್ನು ಮನುಷ್ಯರ ವಿಷಯದಲ್ಲಿ ತೋರಿಸಲು ಬಹಳ ತಡಮಾಡಿದವು ಎಂದು ನಮಗೆ ಎಷ್ಟೋ ಸಲ ಅನ್ನಿಸಿದೆ.

ಹೊಸ ಶತಮಾನದ ಮೊದಲ ದಶಕದಲ್ಲಿ ರೋಗಿಯ ನಿತ್ಯಜೀವನವನ್ನು ನಿಜಕ್ಕೂ ಬದಲಿಸಿದ ಮೂರು ಸಂಗತಿಗಳು ನಡೆದವು. ಆಂಧ್ರದಲ್ಲಿ 2005ರ ಆಗಸ್ಟ್ 15ರಂದು 108ರ ವಾಹನ ಆರಂಭವಾಯಿತು. ಅದೇ ವರ್ಷ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ನಿನಿಂದ ಆಶಾ ಕಾರ್ಯಕರ್ತೆಯರ ವ್ಯವಸ್ಥೆ ಬಂತು. 2007ರ ಏಪ್ರಿಲ್ 1ರಂದು ಆರೋಗ್ಯಶ್ರೀ ಆರಂಭವಾದಾಗ ಮೊದಲ ಹಂತಕ್ಕೆ ಆರಿಸಿದ ಮೂರು ಜಿಲ್ಲೆಗಳಲ್ಲಿ ಅನಂತಪುರ, ಶ್ರೀಕಾಕುಳಗಳ ಜೊತೆಗೆ ನಮ್ಮ ಮಹಬೂಬನಗರವೂ ಒಂದಾಗಿತ್ತು. 'ಪಾಲಮೂರು ಲೇಬರ್' ಎಂದು ದೇಶದ ಕಟ್ಟಡ ಕೆಲಸಗಳಲ್ಲೆಲ್ಲ ಹೆಸರಾದ ಜಿಲ್ಲೆ ಇದು. ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಗುಳೆ ಹೋಗಿ ಕೂಡಿಟ್ಟ ಹಣವನ್ನು ಒಂದು ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಕಳೆದುಕೊಂಡು ಮತ್ತೆ ಗುಳೆ ಹೊರಡುತ್ತಿದ್ದ ಕುಟುಂಬಗಳಿಗೆ ಆ ಕಾರ್ಡಿನ ಬೆಲೆ ಏನೆಂಬುದು ಗೊತ್ತು.

ಆರೋಗ್ಯಶ್ರೀಯ ಹಣದ ಭಾಗವನ್ನು ಎಲ್ಲರೂ ಹೊಗಳಿದ್ದಾರೆ. ನಮಗೆ ಅದರಲ್ಲಿ ಹೆಚ್ಚು ಮುಖ್ಯವೆನಿಸುವುದು 'ಆರೋಗ್ಯಮಿತ್ರ'. ಆರೋಗ್ಯ ಕೇಂದ್ರದಲ್ಲಿ ಒಬ್ಬರು, ಪಟ್ಟಿಯಲ್ಲಿರುವ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಒಬ್ಬರು. ಅವರ ಕೆಲಸ ಔಷಧ ಕೊಡುವುದಲ್ಲ. ಯಾವ ಕೋಣೆಗೆ ಹೋಗಬೇಕು, ಯಾವ ಕಾಗದ ಬೇಕು, ಯಾವಾಗ ಮತ್ತೆ ಬರಬೇಕು ಎಂದು ಹೇಳುವುದು. ಹಳ್ಳಿಯಿಂದ ಹೈದರಾಬಾದಿಗೆ ಹೋಗಿ ಆರು ಮಹಡಿಯ ಕಟ್ಟಡದ ಮುಂದೆ ಚೀಲ ಹಿಡಿದು ನಿಂತವನಿಗೆ ಅರ್ಧ ರೋಗವು ಭಯದ್ದೇ ಆಗಿರುತ್ತದೆ. ಕೈ ಹಿಡಿದು ಕರೆದೊಯ್ಯುವವರೊಬ್ಬರು ಬೇಕೆಂಬುದನ್ನು ಸರಕಾರವೊಂದು ಸಂಬಳದ ಕೆಲಸವನ್ನಾಗಿ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಕರ್ನಾಟಕವು 2010ರಲ್ಲಿ ವಾಜಪೇಯಿ ಆರೋಗ್ಯಶ್ರೀಯನ್ನು ಗುಲ್ಬರ್ಗ ವಿಭಾಗದಲ್ಲಿಯೇ ಮೊದಲು ಜಾರಿಗೆ ತಂದಿತು. ಹೀಗೆ ಹೊಳೆಯ ಎರಡೂ ದಂಡೆಯ ಬಡವರಿಗೆ ಮೂರು ವರ್ಷಗಳ ಅಂತರದಲ್ಲಿ ಕಾರ್ಡು ಸಿಕ್ಕಿತು. ಆದರೆ ಪ್ರತಿಯೊಂದು ಕಾರ್ಡಿನ ಮೇಲೂ ಒಂದು ರಾಜ್ಯದ ಹೆಸರಿತ್ತು, ಪ್ರತಿಯೊಂದಕ್ಕೂ ತನ್ನದೇ ಆಸ್ಪತ್ರೆಗಳ ಪಟ್ಟಿಯಿತ್ತು. ಹಳೆಯ ದಾರಿಯಲ್ಲಿ ನಡೆದವನು ಹೊರಡುವ ಮುನ್ನ, ತಾನು ಹೋಗುವ ದವಾಖಾನೆ ತನ್ನ ಕಾರ್ಡಿನ ಪಟ್ಟಿಯಲ್ಲಿದೆಯೇ ಎಂದು ಕೇಳಿಕೊಳ್ಳದಿದ್ದರೆ ಕೌಂಟರಿನ ಮುಂದೆ ತಲೆ ತಗ್ಗಿಸಬೇಕಾಗುತ್ತಿತ್ತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ರಾಜ್ಯದ ಗಡಿ ದಾಟಿಯೂ ನಡೆಯುವಂತೆ ರಚಿತವಾದದ್ದು. ತೆಲಂಗಾಣವು ಅದಕ್ಕೆ ಸೇರಿದ್ದು 2021ರಲ್ಲಿ. ಆದರೂ ಕೇಳಿಕೊಂಡು ಹೊರಡುವುದು ಇಂದಿಗೂ ಕ್ಷೇಮ.

ಇನ್ನು ಭಾಷೆಯ ಮಾತು. ನಮ್ಮಲ್ಲಿ ಹೊರಗೆ ದುಡಿಯುವ ಗಂಡಸರಿಗೆ ತೆಲುಗು ಚೆನ್ನಾಗಿ ಬರುತ್ತದೆ. ಶಾಲೆಗೆ ಹೋದ ಮಕ್ಕಳಿಗೆ ಬರುತ್ತದೆ. ತೊಡಕಾಗುವುದು ರಾಯಚೂರು, ಯಾದಗಿರಿ ಕಡೆಯ ಹಳ್ಳಿಗಳಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಮತ್ತು ಮನೆ ಬಿಟ್ಟು ಹೊರಬರದ ಮುದುಕಿಯರಿಗೆ. ಅಂದರೆ ದವಾಖಾನೆಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ. ಪೂರ್ತಿ ತಿಳಿಯದ ಭಾಷೆಗಿಂತ ಅರ್ಧ ತಿಳಿಯುವ ಭಾಷೆ ಹೆಚ್ಚು ಅಪಾಯಕರವೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಹಿರಿಯರೊಬ್ಬರನ್ನು ಒಂದು ದವಾಖಾನೆಗೆ ಕರೆದೊಯ್ದಿದ್ದೆವು. ನರ್ಸಮ್ಮ ಬಹಳ ಅಂತಃಕರಣದ ಹೆಣ್ಣುಮಗಳು. 'ಆಯಾಸಂ ವಸ್ತುಂದಾ ಅಮ್ಮಾ?' ಎಂದು ಕೇಳಿದಳು. 'ಹೂಂ ಯವ್ವಾ, ಭಾಳ ಆಯಾಸ ಆಗ್ತದ' ಎಂದರು ಇವರು. ತೆಲುಗಿನ ಆಯಾಸವೆಂದರೆ ಉಬ್ಬಸ, ಏದುಸಿರು; ಕನ್ನಡದ ಆಯಾಸವೆಂದರೆ ದಣಿವು. ಇವರು ಹೇಳಿದ್ದು ನಾಲ್ಕು ದಿನ ಉಣ್ಣದ ಸುಸ್ತನ್ನು. ಚೀಟಿಯಲ್ಲಿ ಬರೆದದ್ದು ಉಸಿರಾಟದ ತೊಂದರೆಯನ್ನು. ಎದೆಯ ಫೋಟೋ ತೆಗೆಸಿದ್ದಾಯಿತು, ಹೃದಯದ ಪಟ್ಟಿ ತೆಗೆಸಿದ್ದಾಯಿತು, ಮಧ್ಯಾಹ್ನವಾಯಿತು. ಕೊನೆಗೆ ಪಕ್ಕದ ಬೆಂಚಿನ ಮುದುಕರೊಬ್ಬರು 'ದಮ್ಮು ಹತ್ತತದೇನವಾ?' ಎಂದು ಕೇಳಿದಾಗ 'ಇಲ್ಲಪ, ದಮ್ಮು ಯಾಕ ಹತ್ತತದ' ಎಂಬ ಉತ್ತರ ಬಂತು. ನರ್ಸಮ್ಮನಿಗೂ ಆಗಲೇ ತಿಳಿಯಿತು. ಉರ್ದುವಿನ ಹಳೆಯ 'ದಮ್ಮು' ಎರಡು ದ್ರಾವಿಡ ಭಾಷೆಗಳ ನಡುವೆ ದುಭಾಷಿಯಾಗಿ ನಿಂತಿತು. ಇಲ್ಲಿ ಯಾರದೂ ತಪ್ಪಿಲ್ಲ. ಆದರೆ ದಿಕ್ಕು ತಿರುಗಿ, ನಿಜವಾಗಿ ಉಸಿರು ಕಟ್ಟಿದವರು 'ಆಯಾಸ' ಎಂಬ ಪ್ರಶ್ನೆಯನ್ನು ದಣಿವೆಂದು ತಿಳಿದು 'ಇಲ್ಲ' ಎಂದಿದ್ದರೆ?

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿವೆ. ರೋಗದ ಸ್ವರೂಪವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬುದು ಅವುಗಳಲ್ಲಿ ಸೇರಿದೆ. ಕನ್ನಡದಲ್ಲಿ ಇಂತಹ ವಿವರಣೆಗೆ ಮಾತು ಸಾಲದೆಂದು ಹೇಳುವಂತಿಲ್ಲ. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರ 'ತಾಯಿ-ಮಗು' ಎಷ್ಟೋ ಮನೆಗಳಲ್ಲಿ ಪಂಚಾಂಗದ ಪಕ್ಕದಲ್ಲಿರುತ್ತಿತ್ತು. ನಮ್ಮ ಮನೆಯ ಪ್ರತಿಯು ರಾಯಚೂರಿನಿಂದ ಬೀಗರ ಕೈಯಲ್ಲಿ ಬಂದದ್ದು. ಮೂರು ಮನೆಗಳ ಬಾಣಂತಿಯರ ಕೈ ದಾಟಿ ಮರಳಿದಾಗ ಅದಕ್ಕೆ ರಟ್ಟಿರಲಿಲ್ಲ.

ಬಾಣಂತನದ ಮಾತು ಬಂದುದರಿಂದ ಕಾಗದದ ಇನ್ನೊಂದು ತೊಡಕನ್ನು ಹೇಳಬೇಕು. ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕೆಂಬುದು ನಮ್ಮ ಪದ್ಧತಿ. ಗಂಡನ ಮನೆ ಮಕ್ತಲದಲ್ಲಿ, ತವರು ದೇವದುರ್ಗದ ಕಡೆ. ಬಸುರಿಯ ಹೆಸರು ಮೊದಲು ಬರೆದುಕೊಂಡವಳು ಇಲ್ಲಿನ ಆಶಾ ಕಾರ್ಯಕರ್ತೆ. ಮೊದಲ ಸೂಜಿ, ರಕ್ತದ ಪರೀಕ್ಷೆ, ಕಬ್ಬಿಣಾಂಶದ ಗುಳಿಗೆ ಎಲ್ಲ ಇಲ್ಲಿಯೇ. ಏಳು ತಿಂಗಳಿಗೆ ಕುಬುಸ ಮಾಡಿ ತವರಿಗೆ ಕಳಿಸುತ್ತೇವೆ. ಅಲ್ಲಿ ಕರ್ನಾಟಕದ ತಾಯಿ ಕಾರ್ಡು; ಇಲ್ಲಿನ ಪುಸ್ತಕ ತೆಲುಗಿನಲ್ಲಿ. ಅಲ್ಲಿನ ನರ್ಸಮ್ಮನಿಗೆ ಅಂಕಿ ಓದಲು ಬರುತ್ತದೆ, ಅಕ್ಷರ ಓದಲು ಬರುವುದಿಲ್ಲ. ಹೆರಿಗೆಯಾಗಿ ಐದು ತಿಂಗಳಿಗೆ ಮಗು ತೊಟ್ಟಿಲೊಡನೆ ಹೊಳೆ ದಾಟಿ ಬಂದಾಗ, ಯಾವ ಲಸಿಕೆ ಆಗಿದೆ ಯಾವುದು ಉಳಿದಿದೆ ಎಂಬುದಕ್ಕೆ ತಾಯಿಯ ನೆನಪೇ ಆಧಾರ. ತೆಲಂಗಾಣವು 2017ರ ಜೂನ್ ತಿಂಗಳಲ್ಲಿ ಆರಂಭಿಸಿದ ಕೆಸಿಆರ್ ಕಿಟ್ ಯೋಜನೆಯಲ್ಲಿ ಗಂಡು ಮಗುವಿಗೆ 12,000, ಹೆಣ್ಣು ಮಗುವಿಗೆ 13,000 ರೂಪಾಯಿ ಇತ್ತು. ಅದು ಇಲ್ಲಿನ ಸರಕಾರಿ ದವಾಖಾನೆಯಲ್ಲಿ ಹೆತ್ತವರಿಗೆ. ಆಗ ಕೆಲವು ಮನೆಗಳಲ್ಲಿ ತವರಿನ ಮರ್ಯಾದೆಗೂ ಯೋಜನೆಯ ಹಣಕ್ಕೂ ನಡೆದ ವಾದಗಳನ್ನು ನಾವು ಕೇಳಿದ್ದೇವೆ. ಬಸುರಿಯ ಅಭಿಪ್ರಾಯವನ್ನು ಕೇಳಿದ್ದು ಕಡಿಮೆ. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಸಾರಿದ 14 ಅಂಕಿಯ 'ಆಭಾ' ಸಂಖ್ಯೆಯು ಇಂತಹ ದಾಖಲೆಗಳನ್ನು ಒಂದೆಡೆ ಕೂಡಿಸುವ ಉದ್ದೇಶದ್ದು. ಸದ್ಯಕ್ಕೆ ನಮ್ಮವರ ಆಭಾ ಎಂದರೆ ಗೂಟಕ್ಕೆ ನೇತುಹಾಕಿದ ಪ್ಲಾಸ್ಟಿಕ್ ಚೀಲ. ಅದನ್ನು ಮಾತ್ರ ಯಾರೂ ಕಳೆಯಬಾರದು.

ಗಡಿಯೆಂಬುದು ಕಾಗದದ ಮೇಲಿನ ಗೆರೆಯಷ್ಟೇ ಎಂದುಕೊಂಡಿದ್ದ ನಮಗೆ ಅದು ಕಲ್ಲುಮಣ್ಣಿನದೂ ಆಗಬಲ್ಲದೆಂದು ತೋರಿಸಿಕೊಟ್ಟದ್ದು ಕೋವಿಡ್. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ಕಾಸರಗೋಡಿನ ಕಡೆಯ ರಸ್ತೆಗಳನ್ನು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಅಲ್ಲಿನ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟರು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಪ್ರಾಣಬಿಟ್ಟವರೂ ಇದ್ದರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ತೆರೆಸಲು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ನಿಯಮಗಳಿಗೆ ಎರಡೂ ರಾಜ್ಯಗಳು ಒಪ್ಪಿವೆಯೆಂದು ಏಪ್ರಿಲ್ 7ರಂದು ತಿಳಿಸಲಾಯಿತು. ಕಾಸರಗೋಡಿನ ಕನ್ನಡಿಗರ ಸಂಕಟವನ್ನು ಓದಿ ನಾವು ಇಲ್ಲಿ ಮರುಗಿದೆವು. ಮರುವರ್ಷ ಮೇ ತಿಂಗಳಲ್ಲಿ ನಮ್ಮ ಜೋಗುಳಾಂಬ ಗದ್ವಾಲ ಜಿಲ್ಲೆಯ ಪುಲ್ಲೂರು ಟೋಲಿನಲ್ಲಿ, ಕರ್ನೂಲಿನ ಕಡೆಯಿಂದ ಹೈದರಾಬಾದಿಗೆ ಹೊರಟ ಅಂಬುಲೆನ್ಸುಗಳನ್ನು ತೆಲಂಗಾಣದ ಪೊಲೀಸರು ನಿಲ್ಲಿಸಿದರು. ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ಸುತ್ತೋಲೆಗೆ ತೆಲಂಗಾಣ ಹೈಕೋರ್ಟು 2021ರ ಮೇ 14ರಂದು ತಡೆ ನೀಡಿತು. ಈ ಸಲ ಬಾಗಿಲು ಹಾಕಿದವರು ನಮ್ಮ ಕಡೆಯವರು. ಹಾಸಿಗೆಗಳು ತುಂಬಿವೆ, ಮೊದಲು ನಮ್ಮವರಿಗೆ ಸಿಗಲಿ ಎಂದು ಅಂದು ನಮ್ಮ ಚಹಾದಂಗಡಿಗಳಲ್ಲಿಯೂ ಮಾತು ನಡೆದಿತ್ತು; ನಮ್ಮಲ್ಲಿ ಕೆಲವರು ತಲೆದೂಗಿದ್ದೂ ಉಂಟು. ಚರಿತ್ರೆ ಬರೆಯುವಾಗ ಅದನ್ನು ಬಿಟ್ಟು ಬರೆಯುವುದು ಸರಿಯಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಇತ್ತೀಚಿನ ಕಥೆ. 2016ರ ಅಕ್ಟೋಬರ್ 11ರಂದು ಜೋಗುಳಾಂಬ ಗದ್ವಾಲವೂ 2019ರ ಫೆಬ್ರವರಿ 17ರಂದು ನಾರಾಯಣಪೇಟೆಯೂ ಜಿಲ್ಲೆಗಳಾದವು. ರಾಯಚೂರಿನಲ್ಲಿ 2007ರಿಂದ ಸರಕಾರಿ ವೈದ್ಯಕೀಯ ಸಂಸ್ಥೆಯಿದೆ. ಮಹಬೂಬನಗರದಲ್ಲಿ 2016ರಲ್ಲಿ ಕಾಲೇಜು ಆರಂಭವಾಯಿತು. 2024ರಲ್ಲಿ ನಾರಾಯಣಪೇಟೆ, ಗದ್ವಾಲಗಳೆರಡಕ್ಕೂ ಸರಕಾರಿ ವೈದ್ಯಕೀಯ ಕಾಲೇಜುಗಳು ಬಂದವು. ಒಂದು ಕಾಲಕ್ಕೆ ಚಳಿಜ್ವರಕ್ಕೆ ಕೌದಿ ಹೊದಿಸುತ್ತಿದ್ದ ಊರಿನಲ್ಲಿ ಇಂದು ವೈದ್ಯರನ್ನು ತಯಾರಿಸುತ್ತಾರೆ. ದಾರಿಗಳೂ ತೆರೆದವು. ಗದ್ವಾಲ-ರಾಯಚೂರು ರೈಲು 2013ರಲ್ಲಿ ಓಡತೊಡಗಿತು. 2023ರ ಅಕ್ಟೋಬರ್ 1ರಂದು ಜಕ್ಲೇರ್-ಕೃಷ್ಣಾ ನಡುವಿನ 37 ಕಿಲೋಮೀಟರ್ ಹಳಿ ಲೋಕಾರ್ಪಣೆಗೊಂಡು, ಕಾಚಿಗುಡದಿಂದ ಮಕ್ತಲದ ಮೇಲೆ ರಾಯಚೂರಿಗೆ ಗಾಡಿ ಬಂತು. ಆ ಗಾಡಿಯಲ್ಲಿ ಸುಮ್ಮನೆ ಒಮ್ಮೆ ಕುಳಿತು ನೋಡಬೇಕು. ಒಂದೇ ಡಬ್ಬಿಯಲ್ಲಿ ಹೈದರಾಬಾದಿನಿಂದ ಮರಳುವ ರೋಗಿಯೂ ರಾಯಚೂರಿಗೆ ಹೋಗುವ ರೋಗಿಯೂ ಎದುರುಬದುರು ಕುಳಿತಿರುತ್ತಾರೆ, ಇಬ್ಬರ ತೊಡೆಯ ಮೇಲೂ ಫಿಲ್ಮಿನ ದೊಡ್ಡ ಲಕೋಟೆ.

ಹೊಸ ಕಾಲೇಜುಗಳಿಗೆ ದೂರದ ಊರುಗಳ ಮಕ್ಕಳು ಓದಲು ಬರುತ್ತಾರೆ. ಇವರು ನಮ್ಮ ಮುದುಕಿಯರನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬರಿರಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಆರೋಗ್ಯಮಿತ್ರರಂತೆ ವಾರದಲ್ಲಿ ಎರಡು ದಿನ, ಹೊರರೋಗಿಗಳ ಚೀಟಿ ಬರೆಯುವ ಕಿಟಕಿಯ ಬಳಿ ಒಂದು ಕುರ್ಚಿ. ನಿವೃತ್ತ ಶಿಕ್ಷಕರು ನಮ್ಮ ಊರುಗಳಲ್ಲಿ ಎಷ್ಟು ಜನರಿಲ್ಲ! ಗುಳಿಗೆಯ ಪೊಟ್ಟಣದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಗುರುತು ಹಾಕುವಾಗ ಎರಡು ಲಿಪಿಗಳಲ್ಲಿ ಬರೆಯುವುದೂ ಹೆಚ್ಚಿನ ಕೆಲಸವಲ್ಲ.

ಅಲ್ಲಿಯವರೆಗೆ ನಾವು ಒಂದು ಸಣ್ಣ ಕೆಲಸ ಮಾಡಿಕೊಂಡಿದ್ದೇವೆ. ಅದಕ್ಕೆ ಕಾರಣ ನಮ್ಮ ಪಕ್ಕದ ಮನೆಯ ಕಾಕಿ. ಶುಗರ್ ಪರೀಕ್ಷೆಗೆ 'ಪರಗಡುಪುನ ರಾವಾಲಿ' ಎಂದು ಹೇಳಿಕಳಿಸಿದ್ದರು. ಬರಿ ಹೊಟ್ಟೆಯಲ್ಲಿ ಬರಬೇಕೆಂದು ಅದರ ಅರ್ಥ. ಕಾಕಿಗೆ 'ಬರಬೇಕು' ಎಂಬುದಷ್ಟೇ ತಿಳಿಯಿತು, ಉಳಿದದ್ದಕ್ಕೆ ತಲೆಯಾಡಿಸಿದ್ದಳು. ದೂರದ ದಾರಿಯೆಂದು ನಸುಕಿನಲ್ಲಿಯೇ ಎದ್ದು ಎರಡು ಜೋಳದ ರೊಟ್ಟಿ ತಿಂದು ಮೊದಲ ಬಸ್ಸು ಹತ್ತಿದ್ದಳು. ರಕ್ತ ತೆಗೆಯದೆ ಮರಳಿ ಕಳಿಸಿದರು. ಒಂದು ದಿನದ ಕೂಲಿ, ಎರಡು ಕಡೆಯ ಬಸ್ಸು ಚಾರ್ಜು ಹೋಯಿತು. ಆ ಸಂಜೆ ಕುಳಿತು ನಾವು ಒಂದು ಹಾಳೆಯ ಮೇಲೆ ನೋವಿನ ಮಾತುಗಳನ್ನೂ ಔಷಧದ ಮಾತುಗಳನ್ನೂ ಎರಡು ಸಾಲಿನಲ್ಲಿ ಬರೆದೆವು. ಎಡಕ್ಕೆ ನಮ್ಮ ಮಾತು, ಬಲಕ್ಕೆ ತೆಲುಗು, ಎರಡೂ ಕನ್ನಡ ಅಕ್ಷರದಲ್ಲಿ. ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳುವಂತೆ. ಬರಿ ಹೊಟ್ಟೆ, ಪರಗಡುಪು. ಎರಡು ಹೊತ್ತು, ರೆಂಡು ಪೂಟಲು. ನೆಗಡಿ, ಜಲುಬು. ದಣಿವು, ಅಲಸಟ. ಉಬ್ಬಸ, ಆಯಾಸಂ. ಹೀಗೆ ನಲವತ್ತರಷ್ಟು ಮಾತುಗಳಾಗಿವೆ. ಕಾಕಿಯ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪ್ರತಿ ಇದೆ.

ಒಂದು ಮಾತಿಗೆ ಮಾತ್ರ ಜೊತೆ ಸಿಕ್ಕಿಲ್ಲ. ನಮ್ಮ ಹೆಂಗಸರು 'ಸಂಕಟ ಆಗ್ಯಾದ' ಎನ್ನುತ್ತಾರಲ್ಲ, ಹೊಟ್ಟೆ ತೊಳಸುವುದೂ ಅಲ್ಲ, ಎದೆ ಉರಿಯುವುದೂ ಅಲ್ಲ, ಎರಡರ ನಡುವಿನ ಆ ತಳಮಳಕ್ಕೆ ಡಾಕ್ಟರಿಗೆ ತೆಲುಗಿನಲ್ಲಿ ಏನೆಂದು ಹೇಳಬೇಕು? ಬಲ್ಲವರು ಸಮ್ಮೇಳನದ ದಿನ ನಮಗೆ ಸಿಕ್ಕು ತಿಳಿಸಿದರೆ ಹಾಳೆಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇವೆ.